ಕೊಲೆಗೆ ನಮ್ಮ ತಕರಾರಿಲ್ಲ

ರೋಜರ್ ಆಕ್ರಾಯ್ಡ್ ಎಂಬ ದೊಡ್ಡ ಮನುಷ್ಯ ತನ್ನದೇ ಮನೆಯ ಓದುವ ಕೋಣೆಯಲ್ಲಿ, ತನ್ನದೇ ಕುರ್ಚಿಯಲ್ಲಿ, ತನ್ನದೇ ಮನೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಟ್ಯುನೀಶಿಯಾದ ಚೂರಿಯಿಂದ ಇರಿಸಿಕೊಂಡು ಸತ್ತು ಹೆಚ್ಚೂಕಡಿಮೆ ನೂರು ವರ್ಷವಾಯಿತು. ಅಂದಿನಿಂದ ಇಂದಿನವರೆಗೆ ಆ ಹೆಣದ ಸುತ್ತ ಲಕ್ಷಾಂತರ ಓದುಗರು ನೆರೆದಿದ್ದಾರೆ. ‘ಅಯ್ಯೋ ಪಾಪ’ ಎಂದವರು ಮಾತ್ರ ನನಗೆ ಒಬ್ಬರೂ ಸಿಕ್ಕಿಲ್ಲ. ಸಿಕ್ಕವರೆಲ್ಲ ಜಗಳಗಂಟರೇ. ‘ಇದು ಶುದ್ಧ ಮೋಸ’ ಎನ್ನುವವರು ಒಂದು ಕಡೆ, ‘ಇಂಥ ಪತ್ತೇದಾರಿ ಕಾದಂಬರಿ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ’ ಎನ್ನುವವರು ಇನ್ನೊಂದು ಕಡೆ. ಇವರಿಬ್ಬರ ನಡುವೆ, ಕಾಫಿ ಲೋಟ ಕೈಯಲ್ಲಿ ಹಿಡಿದು, ತುಟಿಯ ತುದಿಯಲ್ಲಿ ನಗು ಇಟ್ಟುಕೊಂಡು ಮೂರನೆಯವನೊಬ್ಬ ನಿಂತಿರುತ್ತಾನೆ: ‘ನನಗೆ ಮೂವತ್ತನೇ ಪುಟದಲ್ಲೇ ಗೊತ್ತಾಗಿತ್ತು.’

ಈ ಮೂರನೆಯವನ ವಿಚಾರ ಆಮೇಲೆ. ಮೊದಲು ಒಂದು ಎಚ್ಚರಿಕೆ. ಅಗಾಥಾ ಕ್ರಿಸ್ಟಿಯ ಈ ಕಾದಂಬರಿಯ ಗುಟ್ಟನ್ನು ನಾನು ಮುಂದಿನ ಪ್ಯಾರಾದಲ್ಲಿ ಒಡೆಯುವವನಿದ್ದೇನೆ. ಓದದವರು ಇಲ್ಲೇ ನಿಲ್ಲಬಹುದು. ನಿಲ್ಲುವುದಿಲ್ಲ ಎಂದು ಗೊತ್ತು. ಕೊನೆಯ ಪುಟವನ್ನು ಮೊದಲು ನೋಡಿ, ಆಮೇಲೆ ಏನೂ ತಿಳಿಯದವರ ಹಾಗೆ ಒಂದನೇ ಪುಟಕ್ಕೆ ಬರುವ ಜಾತಿ ನಮ್ಮದು. ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳು ಬೀದಿಗೊಂದು ಇದ್ದ ಕಾಲದಲ್ಲಿ, ಪಾತ್ರಗಳು ಮೊದಲ ಸಲ ಕಾಣಿಸಿಕೊಳ್ಳುವ ಪುಟದಲ್ಲೇ ಒಂದು ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ‘ಇವನೇ’ ಎಂದು ಬರೆದಿಡುವ ಪರೋಪಕಾರಿಗಳಿದ್ದರು. ಕಾದಂಬರಿಯೊಳಗಿನ ಕೊಲೆಗಾರನಿಗಾದರೂ ಹಣದ ಆಸೆ ಎಂಬ ಕಾರಣವಿರುತ್ತದೆ. ಈ ಪೆನ್ಸಿಲ್ಲಿನ ಮಹಾಶಯರ ಉದ್ದೇಶ ಏನಿತ್ತೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಸರಿ, ಗುಟ್ಟು. ಕಿಂಗ್ಸ್ ಆಬಟ್ ಎಂಬ ಇಂಗ್ಲಿಷ್ ಹಳ್ಳಿ. ಕಥೆ ಹೇಳುವವನು ಆ ಊರಿನ ವೈದ್ಯ, ಡಾಕ್ಟರ್ ಷೆಪರ್ಡ್. ಮೃದುಭಾಷಿ, ಮರ್ಯಾದಸ್ಥ, ಊರ ಸುದ್ದಿಯೆಲ್ಲ ತಿಳಿದಿರುವ ಅಕ್ಕನ ಬಾಯಿಗೆ ಸಿಕ್ಕು ಮೆತ್ತಗಾದವನು. ಪಕ್ಕದ ಮನೆಗೆ ಎರ್ಕ್ಯೂಲ್ ಪೊಯ್ರೋ ಎಂಬ ನಿವೃತ್ತ ಪತ್ತೇದಾರ ಬಂದು ತರಕಾರಿ ಬೆಳೆಯುತ್ತಿದ್ದಾನೆ. ಕೊಲೆಯಾಗುತ್ತದೆ. ಪೊಯ್ರೋ ತರಕಾರಿ ಬಿಟ್ಟು ಮೀಸೆ ತೀಡಿಕೊಂಡು ಏಳುತ್ತಾನೆ. ಡಾಕ್ಟರು ಅವನ ಜೊತೆಗೇ ಓಡಾಡಿ, ಕಂಡದ್ದನ್ನೆಲ್ಲ ನಮಗಾಗಿ ಬರೆದಿಡುತ್ತಾರೆ. ಕೊನೆಗೆ ಗೊತ್ತಾಗುತ್ತದೆ, ಕೊಂದವರು ಡಾಕ್ಟರೇ. ಇಷ್ಟು ಹೊತ್ತೂ ನಮ್ಮ ಹೆಗಲ ಮೇಲೆ ಕೈ ಹಾಕಿ ಕಥೆ ಹೇಳುತ್ತಿದ್ದ ಕೈ ಅದೇ.

ಗಲಾಟೆ ಶುರುವಾದದ್ದು ಇಲ್ಲಿ. ಗಲಾಟೆಯ ವಿಷಯ ಯಾವುದೆಂದು ಗಮನಿಸಿ. ವೈದ್ಯನೊಬ್ಬ ತನ್ನ ಊರಿನ ವಿಧವೆಯನ್ನು ಬ್ಲ್ಯಾಕ್‌ಮೇಲ್ ಮಾಡಿ ಅವಳು ಸಾಯುವ ಹಾಗೆ ಮಾಡಿದ್ದಾನೆ. ಅದಕ್ಕೆ ತಕರಾರಿಲ್ಲ. ಗುಟ್ಟು ಹೊರಬೀಳುತ್ತದೆಂದು ತನ್ನನ್ನು ಊಟಕ್ಕೆ ಕರೆದ ಗೆಳೆಯನಿಗೇ ಚೂರಿ ಹಾಕಿದ್ದಾನೆ. ತಕರಾರಿಲ್ಲ. ನ್ಯಾಯದೇವತೆಯ ಸಾಕುಮಗನೆಂಬಂತೆ ಮೆರೆಯುವ ಪೊಯ್ರೋ ಕೊನೆಯಲ್ಲಿ ಕೊಲೆಗಾರನನ್ನು ಪೊಲೀಸರಿಗೆ ಹಿಡಿದುಕೊಡುವ ಬದಲು, ನಿದ್ದೆಮಾತ್ರೆ ಸ್ವಲ್ಪ ಜಾಸ್ತಿಯಾದರೂ ಆಗಬಹುದಲ್ಲ ಎಂಬರ್ಥದ ಸಲಹೆ ಕೊಟ್ಟು ಹೋಗುತ್ತಾನೆ. ಅದಕ್ಕೂ ತಕರಾರಿಲ್ಲ. ಓದುಗನ ಹೊಟ್ಟೆ ಉರಿದದ್ದು ಒಂದೇ ಕಾರಣಕ್ಕೆ: ‘ನನಗೆ ಹೇಳಲಿಲ್ಲ!’

ಡಾಕ್ಟರು ಹೇಳದೆ ಬಿಟ್ಟದ್ದಾದರೂ ಎಷ್ಟು? ಹತ್ತು ನಿಮಿಷ. ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಆಕ್ರಾಯ್ಡ್ ಕೈಗೆ ಒಂದು ಕಾಗದ ಬಂತು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಡಾಕ್ಟರು ಕೋಣೆಯಿಂದ ಹೊರಬಿದ್ದರು. ಎರಡೂ ವಾಕ್ಯ ಪುಸ್ತಕದಲ್ಲಿವೆ, ಎರಡೂ ಅಪ್ಪಟ ಸತ್ಯ, ಅಕ್ಕಪಕ್ಕದಲ್ಲೇ ಇವೆ. ಅವೆರಡರ ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯ ಸತ್ತಿದ್ದಾನೆ. ಓದುಗ ಆ ಸಂದಿಯನ್ನು ಒಂದೇ ನೆಗೆತಕ್ಕೆ ದಾಟಿ ಮುಂದಿನ ಪುಟಕ್ಕೆ ಹೋದ. ಎಡವಲೂ ಇಲ್ಲ. ಎಡವದೆ ದಾಟಿದ್ದಕ್ಕೇ ಆಮೇಲೆ ಅವನಿಗೆ ಕೋಪ. ಪುಣ್ಯಾತ್ಮ ಡಾಕ್ಟರು ಕೊನೆಯ ಅಧ್ಯಾಯದಲ್ಲಿ ತಾವು ಆ ಜಾಗದಲ್ಲಿ ಎಷ್ಟು ನಾಜೂಕಾಗಿ ಬರೆದಿದ್ದೇವೆ ನೋಡಿ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ. ಕೊಲೆಗೆ ಪಶ್ಚಾತ್ತಾಪವಿಲ್ಲ, ಶೈಲಿಗೆ ಹೆಮ್ಮೆಯಿದೆ. ನನಗೆ ಪರಿಚಯವಿರುವ ಎಷ್ಟೋ ಲೇಖಕರ ಸ್ವಭಾವಕ್ಕೆ ಹೊಂದುತ್ತದೆ, ಅದಿರಲಿ.

ಕಥೆ ಹೇಳುವವನೇ ಕೊಲೆಗಾರನಾದರೆ ಹೇಗೆ ಎಂಬ ಐಡಿಯಾವನ್ನು ಕ್ರಿಸ್ಟಿಗೆ ಕೊಟ್ಟವರಲ್ಲಿ ಒಬ್ಬರು ಅವರ ಭಾವ. ಇನ್ನೊಬ್ಬರು 1924ರಲ್ಲಿ ಕಾಗದ ಬರೆದು ಸೂಚಿಸಿದ ಲಾರ್ಡ್ ಲೂಯಿ ಮೌಂಟ್‌ಬ್ಯಾಟನ್. ಹೌದು, ಅವರೇ. 1947ರಲ್ಲಿ ನಮ್ಮ ದೇಶವನ್ನು ಎರಡು ಮಾಡಿ, ಗಡಿ ಎಲ್ಲಿದೆ ಎಂಬುದನ್ನು ಸ್ವಾತಂತ್ರ್ಯದ ಹಬ್ಬ ಮುಗಿಯುವವರೆಗೂ ಹೇಳದೆ ಇಟ್ಟುಕೊಂಡವರು. ಮಾಹಿತಿಯನ್ನು ಯಾವಾಗ ಬಿಡಬೇಕು, ಎಷ್ಟು ಹೊತ್ತು ತಡೆಹಿಡಿಯಬೇಕು ಎಂಬ ಕಲೆ ಅವರಿಗೆ ಮೊದಲಿನಿಂದಲೂ ಸಿದ್ಧಿಸಿತ್ತು ಅನ್ನಬೇಕು.

ಕೊಂದವನೇ ವರದಿ ಬರೆಯುವುದು ಇಂಗ್ಲಿಷ್ ಓದುಗರಿಗೆ ಅಷ್ಟೊಂದು ಆಘಾತ ತಂದದ್ದಾದರೂ ಹೇಗೆ ಎಂಬುದು ನನಗೆ ಬಗೆಹರಿಯದ ಪ್ರಶ್ನೆ. 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಜನರಲ್ ಡೈಯರ್ ತಾನೇ ವರದಿ ಬರೆದು ಒಪ್ಪಿಸಿದ್ದ. ಅದರಲ್ಲಿ ಹತ್ತು ನಿಮಿಷವನ್ನು ನುಂಗುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಬಚ್ಚಿಡದೆ ಹೇಳಿದ್ದಕ್ಕೋ ಏನೋ, ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಅವನಿಗಾಗಿ ನಿಧಿ ತೆರೆದಾಗ ಅದರ ಓದುಗರು 26,000 ಪೌಂಡಿಗೂ ಹೆಚ್ಚು ಹಣ ಸುರಿದರು. ಆರು ವರ್ಷ ಕಳೆಯಿತು. ಅದೇ ನಾಡಿನ ಓದುಗರು, ಕಾಗದದ ಮೇಲಿನ ಒಬ್ಬ ಹಳ್ಳಿ ವೈದ್ಯ ತಮ್ಮನ್ನು ನಂಬಿಸಿ ಕೈಕೊಟ್ಟನೆಂದು ಎದೆ ಹಿಡಿದು ಕೂತರು. ಕ್ರಿಸ್ಟಿ ಪಾಠ ಕಲಿಯಬೇಕಿತ್ತು. ಸತ್ತವರ ಲೆಕ್ಕ ಯಾರೂ ಕೇಳುವುದಿಲ್ಲ, ಓದುಗನ ಜಂಬಕ್ಕೆ ಗೀರು ಬಿದ್ದರೆ ಮಾತ್ರ ಲೆಕ್ಕ ಕೊಡಬೇಕು.

ಜಂಬಕ್ಕೆ ಗೀರು ಬಿದ್ದವರು ಸುಮ್ಮನಿರುತ್ತಾರೆಯೇ? ಕಾನೂನು ತಂದರು. 1928ರಲ್ಲಿ ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ ಪತ್ತೇದಾರಿ ಕಥೆ ಬರೆಯಲು ಇಪ್ಪತ್ತು ನಿಯಮಗಳನ್ನು ಹೊರಡಿಸಿದ. ಅಪರಾಧಿ ಪತ್ತೇದಾರನಿಗೆ ಮಾಡುವ ವಂಚನೆಯನ್ನು ಬಿಟ್ಟು ಲೇಖಕ ಓದುಗನಿಗೆ ಬೇರೆ ಯಾವ ವಂಚನೆಯನ್ನೂ ಮಾಡಕೂಡದು. ಪ್ರೇಮಪ್ರಕರಣ ಬೇಡ. ಮನೆಯ ಆಳು ಕೊಲೆಗಾರನಾಗಕೂಡದು, ಏಕೆಂದರೆ ಅದು ತೀರಾ ಸುಲಭ. ಅಂದರೆ ಕೊಲೆ ಮಾಡುವುದಕ್ಕೂ ಒಂದು ಅಂತಸ್ತು ಬೇಕು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಹೆಣದ ನಿಯಮ. ಹೆಣ ಇರಲೇಬೇಕು, ಕೊಲೆಗಿಂತ ಸಣ್ಣ ಅಪರಾಧ ನಡೆಯುವುದಿಲ್ಲ, ಮುನ್ನೂರು ಪುಟ ಓದುವ ಶ್ರಮಕ್ಕೆ ಅಷ್ಟಾದರೂ ಸಿಗದಿದ್ದರೆ ಹೇಗೆ ಎಂಬುದು ಅದರ ತಾತ್ಪರ್ಯ. ಪುಟಕ್ಕಿಷ್ಟು ರಕ್ತ ಎಂದು ದರ ನಿಗದಿ ಮಾಡಿದ ಹಾಗಾಯಿತು.

ಮರುವರ್ಷ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಹತ್ತು ಆಜ್ಞೆಗಳನ್ನು ಕೆತ್ತಿದ. ಈತ ಕ್ಯಾಥೊಲಿಕ್ ಪಾದ್ರಿ ಎಂಬುದನ್ನು ಮರೆಯಬೇಡಿ. ಕೊಲೆಗಾರ ಕಥೆಯಲ್ಲಿ ಬೇಗ ಕಾಣಿಸಿಕೊಳ್ಳಬೇಕು, ಆದರೆ ಅವನ ಮನಸ್ಸಿನೊಳಗೆ ಓದುಗನನ್ನು ಬಿಟ್ಟುಕೊಂಡಿರಬಾರದು ಎಂಬುದು ಮೊದಲ ಆಜ್ಞೆ. ರಹಸ್ಯ ದ್ವಾರ ಒಂದಕ್ಕಿಂತ ಹೆಚ್ಚು ಬೇಡ. ಅವಳಿ ಸೋದರರನ್ನು ತರುವುದಾದರೆ ಮೊದಲೇ ಸೂಚನೆ ಕೊಡಬೇಕು. ಹೀಗೆ ಹತ್ತು. ಮೋಶೆ ಬೆಟ್ಟದಿಂದ ಇಳಿಸಿ ತಂದ ಹತ್ತರಲ್ಲಿ ಕೊಲ್ಲಬೇಡ ಎಂಬುದೊಂದಿತ್ತು. ಪಾದ್ರಿಯ ಹತ್ತರಲ್ಲಿ ಅದೊಂದಕ್ಕೇ ಜಾಗವಾಗಲಿಲ್ಲ.

ಮುಂದೆ 1930ರಲ್ಲಿ ಲಂಡನ್ನಿನ ಪತ್ತೇದಾರಿ ಲೇಖಕರೆಲ್ಲ ಸೇರಿ ಡಿಟೆಕ್ಷನ್ ಕ್ಲಬ್ ಕಟ್ಟಿದರು. ಹೊಸ ಸದಸ್ಯರು ತಲೆಬುರುಡೆಯೊಂದರ ಸಾಕ್ಷಿಯಾಗಿ, ದೈವವಾಣಿ, ಕಾಕತಾಳೀಯ, ಹೆಂಗಸರ ಒಳಮನಸ್ಸು ಇವುಗಳನ್ನು ನಂಬಿ ಕೊಲೆಗಾರನನ್ನು ಹಿಡಿಯುವುದಿಲ್ಲವೆಂದು ಪ್ರಮಾಣ ಮಾಡಬೇಕಿತ್ತು. ನ್ಯಾಯವಾಗಿ ಆಡುತ್ತೇವೆ ಎಂಬ ಆ ಪ್ರಮಾಣದ ಕ್ಲಬ್ಬಿಗೆ ಸುಮಾರು ಎರಡು ದಶಕ ಅಧ್ಯಕ್ಷರಾಗಿದ್ದು ಯಾರು? ಮೋಸದ ಆರೋಪ ಹೊತ್ತ ಅಗಾಥಾ ಕ್ರಿಸ್ಟಿ. ಆರೋಪಿಯನ್ನೇ ಸಮಿತಿಯ ಅಧ್ಯಕ್ಷರನ್ನಾಗಿ ಮಾಡುವ ಪದ್ಧತಿ ನಮ್ಮಲ್ಲೇ ಹುಟ್ಟಿದ್ದೆಂದು ಹೆಮ್ಮೆಪಡುತ್ತಿದ್ದವರು ಕ್ಷಮಿಸಬೇಕು.

ಕ್ರಿಸ್ಟಿಯ ಪರವಾಗಿ ವಕಾಲತ್ತು ವಹಿಸಿದವರಲ್ಲಿ ಡೊರೊಥಿ ಸೇಯರ್ಸ್ ಮುಖ್ಯರು. ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸ, ಅವನು ನಿದ್ದೆ ಮಾಡಿದರೆ ಲೇಖಕಿ ಏನು ಮಾಡಬೇಕು ಎಂಬ ಧಾಟಿಯಲ್ಲಿ ಆಕೆ ವಾದಿಸಿದರು. ವಾದವೇನೋ ಸರಿಯೇ. ಆದರೆ ಇದರ ಪರಿಣಾಮ ಗಮನಿಸಿದ್ದೀರಾ? ಅಂದಿನಿಂದ ಪತ್ತೇದಾರಿ ಕಾದಂಬರಿ ಓದುವವರು ಯಾರನ್ನೂ ನಂಬುವುದಿಲ್ಲ. ಪಾತ್ರವೊಂದು ‘ನಮಸ್ಕಾರ’ ಅಂದರೆ ‘ಯಾಕೆ ಅಂದ?’ ಎಂದು ಕೇಳುತ್ತಾರೆ. ಮಗು ಅತ್ತರೆ ಮಗುವೇ ಕೊಲೆಗಾರ. ಕಾದಂಬರಿ ಮುಗಿದ ಮೇಲೂ ಅವರಿಗೆ ಸಮಾಧಾನವಿಲ್ಲ, ಪತ್ತೇದಾರನ ಮೇಲೇ ಕಣ್ಣು.

ಇದು ಅತಿಶಯೋಕ್ತಿ ಅನ್ನಿಸಿದರೆ ಪ್ಯಾರಿಸ್ಸಿಗೆ ಹೋಗೋಣ. ಅಲ್ಲಿ ಪಿಯೆರ್ ಬಯಾರ್ ಎಂಬ ಸಾಹಿತ್ಯದ ಪ್ರಾಧ್ಯಾಪಕರಿದ್ದಾರೆ, ಮನೋವಿಶ್ಲೇಷಕರೂ ಹೌದು. 1998ರಲ್ಲಿ ಅವರು ಒಂದು ಇಡೀ ಪುಸ್ತಕವನ್ನೇ ಬರೆದು, ಪೊಯ್ರೋ ತಪ್ಪು ಮನುಷ್ಯನನ್ನು ಹಿಡಿದಿದ್ದಾನೆ, ಡಾಕ್ಟರು ನಿರಪರಾಧಿ ಎಂದು ಸಾಧಿಸಿದರು. ಹಾಗಾದರೆ ಕೊಂದವರು? ಡಾಕ್ಟರ ಅಕ್ಕ, ಕ್ಯಾರೊಲಿನ್. ಕೊಲೆಗಾರ ಒಪ್ಪಿಕೊಂಡಿದ್ದಾನೆ, ಲೇಖಕಿ ಒಪ್ಪಿಕೊಂಡಿದ್ದಾರೆ, ಪ್ರಕಾಶಕರು ಅಚ್ಚು ಹಾಕಿ ಮಾರಿದ್ದಾರೆ, ಆದರೂ ಪ್ರಾಧ್ಯಾಪಕರು ಮೇಲ್ಮನವಿ ಸಲ್ಲಿಸಿದ್ದಾರೆ. ಇದೇ ಬಯಾರ್ 2007ರಲ್ಲಿ ಓದದೇ ಇರುವ ಪುಸ್ತಕಗಳ ಬಗ್ಗೆ ಮಾತನಾಡುವುದು ಹೇಗೆಂದು ಇನ್ನೊಂದು ಪುಸ್ತಕ ಬರೆದರು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಮೈಗೂಡಿಸಿಕೊಂಡ ವಿಮರ್ಶಕರು ನಮ್ಮಲ್ಲಿ ಸಾಕಷ್ಟಿದ್ದಾರೆ, ಆ ಪುಸ್ತಕವನ್ನೂ ಓದದೆಯೇ.

ಕ್ರಿಸ್ಟಿಯ ಪುಸ್ತಕದ ಹೆಸರನ್ನಷ್ಟೇ ಹಿಡಿದು ಜಗಳ ಮಾಡಿದವರೂ ಇದ್ದಾರೆ. ಅಮೆರಿಕದ ದೊಡ್ಡ ವಿಮರ್ಶಕ ಎಡ್ಮಂಡ್ ವಿಲ್ಸನ್, ಜನ ಈ ಪತ್ತೇದಾರಿ ಕಥೆಗಳನ್ನು ಯಾಕಾದರೂ ಓದುತ್ತಾರೋ ಎಂದು 1944ರಲ್ಲಿ ‘ನ್ಯೂಯಾರ್ಕರ್’ನಲ್ಲಿ ಗೊಣಗಿದ. ಓದುಗರ ಕಾಗದಗಳು ಬಂದು ಬಿದ್ದವು. ಎಲ್ಲವೂ ಹೇಳಿದ್ದು ಹೆಚ್ಚುಕಡಿಮೆ ಒಂದೇ: ನೀವು ಓದಿದ್ದು ಸರಿಯಾದ ಪುಸ್ತಕವಲ್ಲ, ಇದನ್ನು ಓದಿ ನೋಡಿ. ಪಾಪ ವಿಲ್ಸನ್, ಓದುಗರು ಹೇಳಿದ್ದನ್ನೂ ಓದಿದ. 1945ರಲ್ಲಿ ಎರಡನೇ ಲೇಖನ ಬರೆದ. ಅದರ ಶೀರ್ಷಿಕೆಯಲ್ಲಿ, ಆಕ್ರಾಯ್ಡನನ್ನು ಯಾರು ಕೊಂದರೆ ಯಾರಿಗೇನು ಎಂದು ಕೇಳಿದ. ಬೈದದ್ದು ಮಾತ್ರ ಬೇರೆಯವರ ಪುಸ್ತಕಗಳನ್ನು, ಅದರಲ್ಲೂ ಸೇಯರ್ಸ್ ಅವರ ‘ದಿ ನೈನ್ ಟೇಲರ್ಸ್’ ಅನ್ನು. ಆಕ್ರಾಯ್ಡನಿಗೆ ಎರಡನೇ ಸಲ ಚೂರಿ ಬಿದ್ದದ್ದು ಹೀಗೆ. ಈ ಸಲ ಇರಿದವನಿಗೆ ಸತ್ತವನ ಪರಿಚಯವೂ ಬೇಕಾಗಲಿಲ್ಲ.

ವಿಲ್ಸನ್‌ನ ವಂಶಸ್ಥರು ಕನ್ನಡದಲ್ಲೂ ಕಮ್ಮಿಯಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಲ್ಯದಲ್ಲಿ ದೀಪ ಸಣ್ಣ ಮಾಡಿ ರಾತ್ರಿಯಿಡೀ ಓದಿ, ದೊಡ್ಡವರಾದ ಮೇಲೆ ವೇದಿಕೆ ಹತ್ತಿ ‘ಅದನ್ನೂ ಸಾಹಿತ್ಯ ಅಂತೀರಾ?’ ಎಂದು ಕೇಳಿದವರೆಷ್ಟೋ. ಓದಲು ಕಲಿಸಿದವನನ್ನು ಓದಬಾರದವರ ಪಟ್ಟಿಗೆ ಸೇರಿಸುವುದು ಒಂದು ಬಗೆಯ ಕೊಲೆಯೇ. ಇಲ್ಲೂ ಆರೋಪಿ ಕಥೆ ಹೇಳುವವನೇ, ಹತ್ತು ನಿಮಿಷದ ಬದಲು ಹತ್ತು ವರ್ಷವನ್ನು ನುಂಗಿರುತ್ತಾನೆ.

ಈ ಇಡೀ ಗದ್ದಲದಲ್ಲಿ ಸತ್ತವನ ಬಗ್ಗೆ ಒಂದಿಷ್ಟು ಯೋಚಿಸಿದವನೆಂದರೆ ರೇಮಂಡ್ ಚಾಂಡ್ಲರ್. 1944ರ ಪ್ರಬಂಧವೊಂದರಲ್ಲಿ ಆತ, ಓದುಗರಿಗೊಂದು ಹೆಣ ಒದಗಿಸುವುದಕ್ಕಲ್ಲದೆ ನಿಜವಾದ ಕಾರಣಕ್ಕೆ ಕೊಲ್ಲುವ ಮನುಷ್ಯರ ಕೈಗೆ ಕೊಲೆಯನ್ನು ಮರಳಿಸಬೇಕು ಎಂಬ ಅರ್ಥದ ಮಾತಾಡಿದ. ಕ್ರಿಸ್ಟಿಯ ಬಂಗಲೆ, ಚಹಾ, ಚೂರಿಗಳನ್ನು ಗೇಲಿ ಮಾಡಿದ. ಕೇಳಲು ಚೆನ್ನಾಗಿದೆ. ಆದರೆ ಅವನ ‘ದಿ ಬಿಗ್ ಸ್ಲೀಪ್’ ಸಿನಿಮಾ ಆಗುವಾಗ, ಅದರಲ್ಲಿ ಸಾಯುವ ಕಾರ್ ಡ್ರೈವರನನ್ನು ಕೊಂದವರು ಯಾರೆಂದು ಚಿತ್ರತಂಡದವರು ಕೇಳಿದರಂತೆ. ತನಗೂ ಗೊತ್ತಿಲ್ಲ ಎಂದನಂತೆ ಚಾಂಡ್ಲರ್. ಸತ್ತವನು ಡ್ರೈವರ್ ಅಲ್ಲವೇ, ಓದುಗರಿಗೂ ಅಲ್ಲಿಯವರೆಗೆ ಅಷ್ಟಾಗಿ ಬಾಧಿಸಿರಲಿಲ್ಲ.

ಇನ್ನು ಕಾಫಿ ಲೋಟ ಹಿಡಿದು ಕಾಯುತ್ತಿರುವ ಆ ಮೂವತ್ತನೇ ಪುಟದವನು. ಇವನನ್ನು ಮಾತನಾಡಿಸುವುದು ವ್ಯರ್ಥ. ಅವನಿಗೆ ಆಕ್ರಾಯ್ಡನ ಕೊಲೆಗಾರ ಮಾತ್ರವಲ್ಲ, ಕಳೆದ ಚುನಾವಣೆಯ ಫಲಿತಾಂಶ, ಪಕ್ಕದ ಮನೆಯ ಮದುವೆ ಮುರಿಯುವುದು, ಷೇರುಪೇಟೆ ಕುಸಿಯುವುದು ಎಲ್ಲ ಮೊದಲೇ ಗೊತ್ತಿತ್ತು. ಹೇಳಲಿಲ್ಲ ಅಷ್ಟೇ. ಮೂವತ್ತನೇ ಪುಟದಲ್ಲಿ ಗೊತ್ತಾದವನು ಉಳಿದ ಇನ್ನೂರಕ್ಕೂ ಹೆಚ್ಚು ಪುಟ ಯಾಕೆ ಓದಿದ ಎಂದು ಕೇಳಿ. ‘ಖಚಿತಪಡಿಸಿಕೊಳ್ಳಲು’ ಅನ್ನುತ್ತಾನೆ. ಪೊಲೀಸ್ ಠಾಣೆಯಲ್ಲಿ ಈ ಉತ್ತರ ಕೊಟ್ಟರೆ ಇವನನ್ನೇ ಒಳಗೆ ಕೂರಿಸುತ್ತಾರೆ.

ಓದುಗರನ್ನಷ್ಟೇ ಅನ್ನುವುದು ತಪ್ಪಾದೀತು. ಆಕ್ರಾಯ್ಡನ ಮನೆಯವರೇನು ಕಮ್ಮಿ? ಕೊಲೆಯಾದ ರಾತ್ರಿ ತಮ್ಮನ ಮಗಳು ಫ್ಲೋರಾ ಅವನ ಮಲಗುವ ಕೋಣೆಯಿಂದ 40 ಪೌಂಡ್ ಎತ್ತಿಕೊಂಡಿದ್ದಳು. ಅವಳ ತಾಯಿ ಅವನ ಉಯಿಲಿಗಾಗಿ ಮೇಜು ತಡಕಾಡಿದ್ದಳು. ಸಾಯುವ ಮೊದಲೇ ಆ ಮನುಷ್ಯ ಎಲ್ಲರ ಲೆಕ್ಕದಲ್ಲೂ ಉಪಕರಣವಾಗಿದ್ದ. ಓದುಗರಾದ ನಾವು ಆ ಮನೆಗೆ ಸರಿಯಾದ ನೆಂಟರೇ.

ಪುಸ್ತಕ ಹೊರಬಂದದ್ದು 1926ರ ಜೂನ್‌ನಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಕ್ರಿಸ್ಟಿಯ ತಾಯಿ ತೀರಿಕೊಂಡಿದ್ದರು. ಗಂಡ ಬೇರೊಬ್ಬಳನ್ನು ಪ್ರೀತಿಸಿ ವಿಚ್ಛೇದನ ಕೇಳುತ್ತಿದ್ದ. ಡಿಸೆಂಬರ್ 3ರ ರಾತ್ರಿ ಕ್ರಿಸ್ಟಿ ಕಾರು ಹತ್ತಿ ಮನೆಬಿಟ್ಟರು, ಕಾರು ಮಾತ್ರ ಸಿಕ್ಕಿತು. ಆಗ ನೋಡಬೇಕಿತ್ತು ಓದುಗರ ಉತ್ಸಾಹ. ಸಾವಿರಾರು ಜನ ಬೆಟ್ಟಗುಡ್ಡ ಜಾಲಾಡಿದರು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್, ತರ್ಕವನ್ನೆಲ್ಲ ಹೋಮ್ಸ್‌ನಿಗೇ ಕೊಟ್ಟು ಮುಗಿಸಿದ್ದರಿಂದಲೋ ಏನೋ, ಕ್ರಿಸ್ಟಿಯ ಕೈಗವಸನ್ನು ಪ್ರೇತಗಳ ಜೊತೆ ಮಾತಾಡುವವನೊಬ್ಬನ ಕೈಗೆ ಕೊಟ್ಟು ಕಣಿ ಕೇಳಿದ. ಗಂಡನೇ ಕೊಂದಿದ್ದಾನೆ ಎಂದು ಕೆಲವರು, ಪುಸ್ತಕ ಮಾರಲು ಹೂಡಿದ ನಾಟಕ ಎಂದು ಕೆಲವರು. ಹನ್ನೊಂದು ದಿನದ ಮೇಲೆ ಹ್ಯಾರೋಗೇಟಿನ ಹೋಟೆಲೊಂದರಲ್ಲಿ ಆಕೆ ಸಿಕ್ಕರು. ಗಂಡನ ಪ್ರೇಯಸಿಯ ಕುಲನಾಮವನ್ನೇ ತನ್ನದೆಂದು ಬರೆಸಿ ತಂಗಿದ್ದರು. ಜೀವಂತ.

ಜನಕ್ಕೆ ಆದ ನಿರಾಸೆ ಅಷ್ಟಿಷ್ಟಲ್ಲ. ಹುಡುಕಾಟದ ಖರ್ಚು ಯಾರು ಕೊಡುತ್ತಾರೆ ಎಂದು ಗಲಾಟೆ ಎದ್ದಿತು. ಹೆಣ ಇರಲೇಬೇಕೆಂಬ ವ್ಯಾನ್ ಡೈನ್‌ನ ನಿಯಮ ಬರಲು ಇನ್ನೂ ಎರಡು ವರ್ಷವಿತ್ತು, ಆದರೆ ಓದುಗರು ಆಗಲೇ ಅದನ್ನು ಜಾರಿಗೆ ತಂದಾಗಿತ್ತು.

ಕ್ರಿಸ್ಟಿ ಇದಕ್ಕೆ ಉತ್ತರ ಕೊಟ್ಟದ್ದು ತಮ್ಮದೇ ರೀತಿಯಲ್ಲಿ. ಆಕೆ ಸತ್ತ ಮರುವರ್ಷ, 1977ರಲ್ಲಿ ಆತ್ಮಚರಿತ್ರೆ ಪ್ರಕಟವಾಯಿತು. ದಪ್ಪ ಪುಸ್ತಕ. ಬಾಲ್ಯದ ತೋಟವಿದೆ, ದಾದಿಯಿದ್ದಾಳೆ, ಮೆಸೊಪೊಟೇಮಿಯದ ಮಣ್ಣಿದೆ, ತಿಂದ ತಿಂಡಿಯ ನೆನಪೂ ಇದೆ. ಆ ಹನ್ನೊಂದು ದಿನಗಳ ಬಗ್ಗೆ ಒಂದು ಸಾಲೂ ಇಲ್ಲ. ಮೊದಲಿನಿಂದ ಕೊನೆಯವರೆಗೆ ತಡಕಾಡಿದ ಓದುಗರು ಈಗಲೂ ಎದ್ದು ನಿಂತು ದೂರುತ್ತಾರೆ, ಇದು ನ್ಯಾಯವಲ್ಲ, ನಮಗೆ ಹೇಳಬೇಕಿತ್ತು ಎಂದು.